ಇಲಿವಾರದ ಸಹಿ

ಆಗಸ್ಟ್ 18, 2024, ರವಿವಾರ

ಮೂರು ಬಸ್ಸು ಬದಲಿಸಿ ಮುಂಡಗೋಡ ತಾಲೂಕಿನ ಪಾಳಾಕ್ಕೆ ಹೋಗಿ ಬಂದೆ. ದಾಂಡೇಲಿಯಲ್ಲಿ ಹತ್ತುವಾಗ ಇಸ್ತ್ರಿಯಿದ್ದ ಸೀರೆ ಪಾಳಾ ಮುಟ್ಟುವಷ್ಟರಲ್ಲಿ ಒರೆಸುವ ಅರಿವೆಯಾಗಿತ್ತು. ಮೂವತ್ತಾರು ವರ್ಷದ ಹೆಂಗಸು, ಏಳು ವರ್ಷದಿಂದ ಪಿಎಚ್‌ಡಿ ಮಾಡುತ್ತಲೇ ಇರುವವಳು, ರವಿವಾರದ ದಿನ ಒಂದು ಎಣ್ಣೆ ಬಾಟಲಿಗಾಗಿ ಹೀಗೆ ಅಲೆಯುವುದು ಯಾರ ಹಣೆಯಲ್ಲೂ ಬರೆಯದಿರಲಿ.

ಪಾಳಾದ ಕಾಶೆವ್ವ ಆ ಸುತ್ತಿನಲ್ಲೆಲ್ಲ ಸಂದುನೋವಿನ ಎಣ್ಣೆಗೆ ಹೆಸರಾದವಳು. ಜೋಯಿಡಾ ಕಾಡಿನ ಕಡೆಯಿಂದ ಬೀಜ ತರಿಸಿ, ತಾನೇ ಅರೆದು, ಕಾಯಿಸಿ ಎಣ್ಣೆ ತೆಗೆಯುತ್ತಾಳೆ. ಗಿಡದ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಔಷಧದ ಗುಣ ಹೋಗುತ್ತದಂತೆ. ಅವಳು ಹೇಳದಿದ್ದರೇನು, ಹಳಿಯಾಳದ ನಮ್ಮ ಫಾರ್ಮಸಿ ಕಾಲೇಜಿನವರು ಬೀಜ ನೋಡಿ ಹೆಸರು ಪತ್ತೆ ಹಚ್ಚಿದ್ದೂ ಆಯಿತು, ಒಂದು ಕಂಪನಿ ಅದನ್ನು ದಿನಾ ನುಂಗುವ ಔಷಧ ಮಾಡಿ ಮಾರಲು ಮುಂದೆ ಬಂದದ್ದೂ ಆಯಿತು. ಹೆಸರು ಹೊರಗೆ ಬಿಡಬಾರದೆಂದು ನನ್ನಿಂದ ಬರೆಸಿಕೊಂಡಿದ್ದಾರೆ. ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಆ ಎಣ್ಣೆಯನ್ನು ಬಿಳಿ ಇಲಿಗಳಿಗೆ ಇಪ್ಪತ್ತೆಂಟು ದಿನ ಕುಡಿಸಿ, ಅವಕ್ಕೆ ಏನೂ ಆಗುವುದಿಲ್ಲ ಎಂದು ತೋರಿಸುವುದು ನನ್ನ ಪ್ರಬಂಧ. ಏನಾಗುತ್ತದೆ ಎಂದು ನೋಡುವುದು, ಎಂದು ಬರೆಯಬೇಕಿತ್ತು.

ಇಲಿಯ ಮಾತು ತೆಗೆದಾಗ ಕಾಶೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಯವ್ವಾ, ನಿಮ್ಮ ಇಲಿಗೆ ಮಣಕಾಲ ನೋವು ಐತೇನು?"

"ನೋವಿಗಲ್ಲಬೇ. ಕುಡದ್ರ ಏನರೆ ತ್ರಾಸ ಆಗ್ತೈತೇನು ಅಂತ ನೋಡಾಕ."

"ಅಷ್ಟಕ್ಕ ಇಲಿ ಯಾಕ ಬೇಕು, ನಾ ಹೇಳ್ತೇನಿ ಕೇಳು. ಮೂರು ಮುಂಜಾನಿ, ಬೆಲ್ಲದ ಮ್ಯಾಲ ಮೂರು ಹನಿ. ನಾಕನೇ ದಿನ ಕೊಡಂಗಿಲ್ಲ. ನಮ್ಮತ್ತಿ ಕಾಲಕ್ಕ ಒಬ್ಬಾಕಿ ಬಾಟಲಿ ಒಯ್ದು ತಿಂಗಳಾನಗಟ್ಟಲೆ ಕುಡದಿದ್ಲಂತ. ಕಣ್ಣು ಅರಿಷಿಣ ಆಗಿ ಸತ್ಲು."

ಬಸ್ಸಿನಲ್ಲಿ ಕುಳಿತು ರುದ್ರೇಶ ಸರ್‌ಗೆ ಫೋನ್ ಮಾಡಿ ಇದನ್ನು ಹೇಳಿದೆ. ನನ್ನ ಗೈಡ್ ಅವರೇ. "ಅದಕ್ಕ ಅಲ್ಲೇನು ಟೆಸ್ಟ್ ಮಾಡೂದು? ಮುದುಕೇರ ಕಥಿ ಪ್ರಬಂಧದಾಗ ತುರಕಬ್ಯಾಡ" ಎಂದರು. ಹೋಗಲಿ. ಮಾರ್ಚ್ 31ಕ್ಕೆ ನನ್ನ ನೋಂದಣಿಯ ಕೊನೆಯ ಗಡುವು. ಅದರೊಳಗೆ ಪ್ರಬಂಧ ಕೊಟ್ಟರೆ ಕಾಲೇಜಿನಲ್ಲಿ ಖಾಲಿಯಿರುವ ಉಪನ್ಯಾಸಕಿ ಹುದ್ದೆ ನನ್ನದು. ಕೊಡದಿದ್ದರೆ ಏಳು ವರ್ಷ ನೀರಲ್ಲಿ ಹೋಮ.

ಅವ್ವನಿಗೂ ಒಂದು ಸಣ್ಣ ಬಾಟಲಿ ತಂದೆ. ಅಪ್ಪ ಧಾರವಾಡ ಕಡೆಯಿಂದ ಕಾಗದದ ಮಿಲ್ಲಿಗೆ ಕೆಲಸಕ್ಕೆ ಬಂದಾಗ ಅವ್ವ ಈ ಊರಿನ ಏರು ಇಳಿವು ಹತ್ತಿ ಮಂಡಿ ಸವೆಸಿಕೊಂಡವಳು. ಅಪ್ಪ ಹೋದರು, ಮಂಡಿನೋವು ಉಳಿಯಿತು.

ಸೆಪ್ಟೆಂಬರ್ 2, ಸೋಮವಾರ

ಮೊದಲ ದಿನ. ಇಪ್ಪತ್ನಾಲ್ಕು ಇಲಿ, ನಾಲ್ಕು ಗುಂಪು. ಮೊದಲ ಗುಂಪಿಗೆ ಬರೀ ಮೆಕ್ಕೆಜೋಳದ ಎಣ್ಣೆ, ಉಳಿದ ಮೂರಕ್ಕೆ ಕಾಶೆವ್ವನದು, ಕಡಿಮೆ, ಮಧ್ಯಮ, ಹೆಚ್ಚು. ಗುರುತಿಗೆ ಹಳದಿ ಬಣ್ಣ: ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲಕ್ಕೆ, ಹೀಗೆ.

ಕುಡಿಸುವ ಕೆಲಸ ಜ್ಯೋತಿಬಾ ಕಾಕಾ ಅವರದು. ನಮ್ಮ ಇಲಿಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ, ಇನ್ನೂ ವರ್ಷ ವರ್ಷದ ಕರಾರಿನ ಮೇಲೆಯೇ. ಕುಡಿಸುವುದು ಸೂಜಿಯಿಂದ. ಸೂಜಿ ಅಂದರೆ ಚುಚ್ಚುವ ಸೂಜಿಯಲ್ಲ, ತುದಿಯಲ್ಲಿ ಗುಂಡಗಿನ ಮಣಿಯಿರುವ ಬಾಗಿದ ಉಕ್ಕಿನ ನಳಿಗೆ. ಇಲಿಯ ಕುತ್ತಿಗೆಯ ಹಿಂದಿನ ಚರ್ಮ ಹಿಡಿದೆತ್ತಿ, ತಲೆ ತುಸು ಹಿಂದಕ್ಕೆ ಮಾಡಿ, ಅನ್ನನಾಳದೊಳಗೆ ಇಳಿಸಬೇಕು. ಪಕ್ಕದಲ್ಲೇ ಗಾಳಿಯ ನಾಳ. ಅದರೊಳಗೆ ಹೋಯಿತೋ, ಇಲಿ ಎಣ್ಣೆಯಲ್ಲಿ ಮುಳುಗಿ ಸಾಯುತ್ತದೆ. ಕಾಕಾ ಪ್ರತಿಯೊಂದಕ್ಕೂ ತಮ್ಮ ಮರಾಠಿಯಲ್ಲಿ "ಝಾಲಂ ಬಾಳಾ, ಝಾಲಂ" ಎನ್ನುತ್ತಾರೆ, ಅಂದರೆ ಮುಗೀತು ಮಗಾ, ಮುಗೀತು. ಅದು ಮುಗಿಯುವಷ್ಟರಲ್ಲಿ ನಿಜವಾಗಿಯೂ ಮುಗಿದಿರುತ್ತದೆ. ಇಪ್ಪತ್ನಾಲ್ಕಕ್ಕೂ ಕುಡಿಸಲು ಇಪ್ಪತ್ತು ನಿಮಿಷ ಹಿಡಿಯಲಿಲ್ಲ. ಇವರ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಇಲಿಯೂ ಸೂಜಿಯಿಂದ ಸತ್ತಿಲ್ಲ ಎಂದು ರುದ್ರೇಶ ಸರ್ ಕೂಡ ಹೇಳುತ್ತಾರೆ. ಸರ್ ಬಾಯಲ್ಲಿ ಒಬ್ಬರ ಹೊಗಳಿಕೆ ಬರುವುದೆಂದರೆ ಅದನ್ನು ಕಟ್ಟು ಹಾಕಿಸಿ ಇಡಬೇಕು.

ಸೆಪ್ಟೆಂಬರ್ 6, ಶುಕ್ರವಾರ

ನಾಳೆ ಗಣಪತಿ ಹಬ್ಬ. ಇಲಿಗೆ ರಜೆ ಇಲ್ಲ, ಹಾಗಾಗಿ ನಮಗೂ ಇಲ್ಲ. ಕಾಕಾ ನಾಳೆ ಬೆಳಿಗ್ಗೆ ಬಂದು ಕುಡಿಸಿ ಹೋಗುತ್ತಾರಂತೆ. ನಾಡಿದ್ದು ಮಾತ್ರ ಆಗುವುದಿಲ್ಲ ಎಂದರು.

"ನಾಡದು ಉಂದ್ರಿ ಐತ್ರಿ ಬಾಯಾರ. ಅವತ್ತ ನಾ ಇಲಿ ಮುಟ್ಟಂಗಿಲ್ಲ. ಬಂದಾಗಿಂದ ಮುಟ್ಟಿಲ್ಲ."

ಗಣಪತಿ ಕುಳಿತ ಮರುದಿನ ಅವನ ವಾಹನದ ದಿನ. ಕಾಕಾ ಮನೆಯವರು ಉಂದ್ರಿ ಎನ್ನುತ್ತಾರೆ, ಅವ್ವ ಇಲಿವಾರ ಎನ್ನುತ್ತಾಳೆ. ಇಲಿಗೆ ನೈವೇದ್ಯ ಹಿಡಿಯುತ್ತಾರೆ, ಹೊಡೆಯುವುದಂತೂ ಇಲ್ಲ. ಅಂಥ ದಿನ ಗಂಟಲಿಗೆ ನಳಿಗೆ ತುರುಕು ಎಂದು ಹೇಗೆ ಹೇಳಲಿ? ಆದರೆ ಒಂದು ದಿನ ತಪ್ಪಿದರೆ ಇಪ್ಪತ್ತೆಂಟು ದಿನದ ಪ್ರಯೋಗವೇ ಕೆಟ್ಟಿತು. ಕುಡಿಸುವ ಕೆಲಸದ ತರಬೇತಿ ಪತ್ರ ಇರುವುದು ಅವರೊಬ್ಬರಿಗೇ, ನನಗಿಲ್ಲ. ದಿನಾ ಕುಡಿಸಿದ ಲೆಕ್ಕದ ಪುಸ್ತಕದಲ್ಲಿ ಬೇರೆಯವರ ಸಹಿ ಕಂಡರೆ ಪ್ರಾಣಿಗಳ ಮೇಲ್ವಿಚಾರಣೆಯ ಸಮಿತಿ ತಗಾದೆ ತೆಗೆಯುತ್ತದೆ. ಕೊನೆಗೆ ಕಾಕಾ ಅವರೇ ದಾರಿ ತೋರಿಸಿದರು.

"ಎಂಟನೇ ತಾರೀಖಿನ ಸಾಲಿಗೆ ನಾ ಈಗ ಸಹಿ ಮಾಡಿ ಇಡ್ತೇನ್ರಿ. ಕೈ ಅಷ್ಟ ನಿಮ್ದು." ಪೆನ್ನು ಹಿಡಿದವರು ಒಂದು ಕ್ಷಣ ನಿಂತರು. "ಸಹಿ ಮಾಡಿದ್ರ ನಾ ಮುಟ್ಟಿದಂಗ ಆಗ್ತೈತೇನ್ರಿ?"

"ಇಲಿಗೆ ಓದಾಕ ಬರೂದಿಲ್ಲ ಕಾಕಾ" ಎಂದೆ. ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 8, ರವಿವಾರ

ಇಲ್ಲಿಯಾದರೂ ಬರೆಯಬೇಕು.

ನಾಲ್ಕನೇ ಗುಂಪಿನ ಬೆನ್ನು ಹಳದಿಯದು ನನ್ನ ಕೈಯಲ್ಲಿ ಸತ್ತಿತು. ಮೊದಲ ಮೂರು ಗುಂಪು ಹೇಗೋ ಆಗಿತ್ತು. ಧೈರ್ಯ ಬಂದುಬಿಟ್ಟಿತ್ತು, ಅದೇ ತಪ್ಪು. ಇಲಿ ಕೊಸರಿತು, ನಳಿಗೆ ತಡೆದಂತಾಯಿತು, ನಾನು ತೆಗೆದು ಮತ್ತೆ ಹಾಕಬೇಕಾದವಳು ಹಾಗೆಯೇ ಒತ್ತಿದೆ. ಮೂಗಿನಿಂದ ನೊರೆ ಬಂತು. ಎರಡು ನಿಮಿಷ ಇರಲಿಲ್ಲ. ಎದೆ ಕೊಯ್ದು ನೋಡಿದೆ, ಶ್ವಾಸಕೋಶದ ತುಂಬ ಎಣ್ಣೆ.

ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಉಳಿದ ಐದಕ್ಕೆ ಕುಡಿಸಿದೆ. ಸಾವಿನ ಕಾರಣ ಬರೆಯುವಲ್ಲಿ 'ಕುಡಿಸುವಾಗ ಆದ ಕೈತಪ್ಪು' ಎಂದು ಬರೆದೆ. ಆ ಸಾಲಿನಲ್ಲಿ ಸಹಿ ಮೊದಲೇ ಇತ್ತು.

ಸೆಪ್ಟೆಂಬರ್ 9, ಸೋಮವಾರ

ಕಾಕಾ ಡಬ್ಬಿಯಲ್ಲಿ ಮೋದಕ ತಂದಿದ್ದರು. ಪಂಜರದ ಮುಂದೆ ಹಿಡಿದು ಇಲಿಗಳಿಗೆ ತೋರಿಸಿ, ಹೊರಗಿನ ತಿನಿಸು ಕೊಡುವಂತಿಲ್ಲವಲ್ಲ, ತಾವೇ ಒಂದು ತಿಂದು ನನಗೊಂದು ಕೊಟ್ಟರು. ಅದನ್ನು ಅವ್ವನಿಗೆಂದು ಚೀಲದಲ್ಲಿಟ್ಟೆ. ಎಲ್ಲ ಹೇಳಿಬಿಟ್ಟೆ.

ಅವರು ಎಣಿಸಿ ನೋಡಿದರು. ಆರು ಇದ್ದಲ್ಲಿ ಐದು. ಪಂಜರದ ಬಾಗಿಲು ಹಾಕಿದರು.

"ನಾ ಹೋಗಿ ಸರ್‌ಗೆ ಹೇಳ್ತೇನಿ, ನಂದs ತಪ್ಪು ಅಂತ" ಎಂದೆ.

"ಬ್ಯಾಡ್ರಿ ಬಾಯಾರ. ತರಬೇತಿ ಇಲ್ಲದ ಕೈಲೆ ಮಾಡೀರಿ ಅಂತ ಆ ಸಮಿತಿಯವ್ರು ನಿಮ್ಮ ಕೆಲಸ ಬಂದ್ ಮಾಡ್ತಾರ. ನನ್ನ ಹೆಸರಾಗ ಒಂದು ಇರ್ಲಿ ಬಿಡ್ರಿ. ಇಪ್ಪತ್ತೆರಡು ವರ್ಷದಾಗ ಒಂದು, ಯಾರು ಕೇಳ್ತಾರ?" ಡಬ್ಬಿ ಮುಚ್ಚುತ್ತ, "ಉಂದ್ರಿ ದಿನ ಸಾಯಬಾರದಿತ್ತು, ಅಷ್ಟ" ಎಂದರು.

ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಈ ಮನುಷ್ಯನ ಋಣ ನಾನು ಸಾಯುವವರೆಗೆ ಮರೆಯಲಾರೆ.

ಸೆಪ್ಟೆಂಬರ್ 17, ಮಂಗಳವಾರ

ನಾಲ್ಕನೇ ಗುಂಪಿನವು ಕೂದಲು ನಿಗುರಿಸಿ ಮೂಲೆ ಹಿಡಿದಿವೆ. ತೂಕ ಇಳಿಯುತ್ತಿದೆ. ಮೊದಲು ಕಂಡದ್ದು ಕಾಕಾ ಅವರಿಗೆ. ಒಂದನ್ನು ಬೆಳಕಿಗೆ ಹಿಡಿದು, "ಕಿವಿ ನೋಡ್ರಿ" ಎಂದರು. ಇಲಿಯ ಕಿವಿ ನಸುಗೆಂಪು ಇರಬೇಕು. ಹಳದಿ ತಿರುಗಿದೆ.

ಗುರುತಿನ ಬಣ್ಣ ಹತ್ತಿರಬಹುದು ಎಂದೆ. ಕಾಕಾ ಒದ್ದೆ ಹತ್ತಿಯಿಂದ ಒರೆಸಿ ತೋರಿಸಿದರು. ಹತ್ತಿ ಬೆಳ್ಳಗೇ ಇತ್ತು.

ಸೆಪ್ಟೆಂಬರ್ 19, ಗುರುವಾರ

ಬೆಳಿಗ್ಗೆ ಬಂದಾಗ ಬಾಲ ಹಳದಿಯದು ಪಂಜರದಲ್ಲೇ ಸತ್ತು ಬಿದ್ದಿತ್ತು. ಇವತ್ತಿನ ಎಣ್ಣೆ ಇನ್ನೂ ಕುಡಿಸಿರಲಿಲ್ಲ. ಕಾಕಾ ಪಂಜರ ತೊಳೆಯುತ್ತಿದ್ದಾಗ ನಾನೊಬ್ಬಳೇ ಒಳಗಿನ ಕೋಣೆಯಲ್ಲಿ ಕೊಯ್ದು ನೋಡಿದೆ. ಶ್ವಾಸಕೋಶ ಗುಲಾಬಿ, ಒಣಗಿದ್ದು, ಒಂದು ಹನಿ ಎಣ್ಣೆ ಇಲ್ಲ. ಯಕೃತ್ತು ಮಾತ್ರ ಊದಿ, ಬೆಂದ ಹಾಗೆ ಬಿಳಿಚಿಕೊಂಡಿದೆ. ಇದು ಸೂಜಿಯ ಸಾವಲ್ಲ, ಎಣ್ಣೆಯ ಸಾವು. ಕಚ್ಚಾ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿಟ್ಟೆ.

ಕಾಶೆವ್ವನ ಮಾತು ತಲೆಯಲ್ಲಿ ಸುತ್ತುತ್ತಿದೆ.

ಸೆಪ್ಟೆಂಬರ್ 22, ರವಿವಾರ

ಮತ್ತೊಂದು. ಅದೇ ಯಕೃತ್ತು, ಅದೇ ಶುಭ್ರ ಶ್ವಾಸಕೋಶ.

ಮನೆಗೆ ಬಂದವಳೇ ಅವ್ವನ ಬಾಟಲಿ ಬಚ್ಚಲಿಗೆ ಸುರಿದೆ. ಅವ್ವ ಲಟ್ಟಣಿಗೆ ಹಿಡಿದು ಎದ್ದು ಬಂದಳು.

"ಹುಚ್ಚಿ, ನಿನಗೇನು ಗಾಳಿ ಬಡದೈತೇನು? ಎರಡ ಸಲ ತಗೊಂಡಿದ್ದೆ, ಮೆಟ್ಟಲ ಹತ್ತೂವಂಗ ಆಗಿತ್ತು!"

"ಬೇರೆ ತಂದು ಕೊಡ್ತೇನಿ. ಹಚ್ಚಾಕಷ್ಟ. ಬಾಯಿಗೆ ಹಾಕಬ್ಯಾಡ."

"ಯಾಕ? ಏನಾತು?"

ಏನಿಲ್ಲ ಎಂದೆ.

ಸೆಪ್ಟೆಂಬರ್ 25, ಬುಧವಾರ

ಮೂರನೆಯದೂ ಹೋಯಿತು. ನನ್ನ ಕೈಯಲ್ಲಿ ಸತ್ತದ್ದನ್ನು ಸೇರಿಸಿದರೆ ಆರರಲ್ಲಿ ನಾಲ್ಕು. ಕಚ್ಚಾ ಪುಸ್ತಕ ಹಿಡಿದು ರುದ್ರೇಶ ಸರ್ ಹತ್ತಿರ ಹೋದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಕುರ್ಚಿ ತೋರಿಸಿದರು.

"ವಿದ್ಯಾವತಿ, ಇದು ಹಿಂಗ ಹೊರಗ ಹೋದ್ರ ಏನಾಗ್ತೈತಿ ಗೊತ್ತೈತಿಲ್ಲ? ಕಂಪನಿ ಹೋಗ್ತೈತಿ. ಹೊಸಾ ವಿಷಯ, ಹೊಸಾ ಅನುಮತಿ, ಹೊಸಾ ಇಲಿ. ಮಾರ್ಚ್ ಒಳಗ ಆಗ್ತೈತೇನು?"

ಕಚ್ಚಾ ಪುಸ್ತಕ ಅವರ ಮೇಜಿನ ಮೇಲಿಟ್ಟೆ.

"ನಾ ಸುಳ್ಳು ಬರಿ ಅನ್ನಂಗಿಲ್ಲ. ಎಂಟನೇ ತಾರೀಖಿಗೆ ಒಂದು ಕೈತಪ್ಪಿನಿಂದ ಸತ್ತದ್ದು ನೀನ ಬರದೀದಿ. ಅದs ಗುಂಪು, ಅದs ಕೈ. ಉಳಿದ ಮೂರೂ ಹಂಗ ಸತ್ತಿರಬಾರದೇನು? ಕೈತಪ್ಪಿನ ಸಾವು ಎಣ್ಣಿ ಲೆಕ್ಕಕ್ಕ ಬರೂದಿಲ್ಲ. ವಿಚಾರ ಮಾಡು. ಇಲಿ ಕೊಯ್ದಾಕಿ ನೀನು, ಕಣ್ಣು ನಿಂದು."

ಎಂಟನೇ ತಾರೀಖಿನ ಕೈ ಯಾರದೆಂದು ಸರ್‌ಗೆ ಗೊತ್ತಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು.

ಸೆಪ್ಟೆಂಬರ್ 26, ಗುರುವಾರ

ಬರೆದೆ. ಸಾವಿನ ಹಾಳೆಯಲ್ಲಿ ಮೂರು ಕಡೆಯೂ 'ಕೈತಪ್ಪು' ಎಂದೇ. ಕಚ್ಚಾ ಪುಸ್ತಕದ ಆ ಹಾಳೆಗಳನ್ನು ಸರ್ ಇಟ್ಟುಕೊಂಡರು.

ಇವತ್ತು ಒಂದು ಗಮನಿಸಿದೆ. ಸೂಜಿ ಇಳಿಸುವ ಮೊದಲು ಜ್ಯೋತಿಬಾ ಒಮ್ಮೆ ತಡೆದರು. ಮೊದಲು ಹೀಗೆ ತಡೆಯುತ್ತಿರಲಿಲ್ಲ ಅನಿಸುತ್ತದೆ. ವಯಸ್ಸು ಐವತ್ತೆಂಟು, ಕನ್ನಡಕ ಬೇರೆ ಹಳೆಯದು. ಆಗಲೇ ಗಮನಿಸಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 27, ಶುಕ್ರವಾರ

ಜ್ಯೋತಿಬಾ ಸಾವಿನ ಹಾಳೆ ನೋಡಿದ್ದಾರೆ. ಕನ್ನಡ ಕೂಡಿಸಿ ಕೂಡಿಸಿ ಓದುತ್ತಾರೆ, ಆದರೂ ಓದುತ್ತಾರೆ. ಪಂಜರದ ಹುಲ್ಲು ಬದಲಿಸುತ್ತಿದ್ದವರು ಕೈ ಒರೆಸಿಕೊಂಡು ಬಂದು ನನ್ನ ಎದುರು ನಿಂತರು.

"ಬಾಯಾರ, ಆ ಮೂರರ ಎದಿಯೊಳಗ ಏನಿತ್ರಿ?"

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಿತ್ತು.

"ಎಣ್ಣಿ ಇತ್ತು ಕಾಕಾ" ಎಂದೆ.

"ಮೂರರಾಗೂ?"

"ಹೌದು."

ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ನನಗ ಗೊತ್ತಾಗಲಿಲ್ಲಲ್ರಿ. ಕೈಗೆ ಗೊತ್ತಾಗ್ತಿತ್ತು ಯಾವಾಗ್ಲೂ" ಎಂದು ಹೊರಟುಹೋದರು. ಪಾಪ ಅನಿಸಿತು. ಆದರೆ ಒಂದು ಮಾತು, ಅವರನ್ನು ಯಾರೂ ಜೈಲಿಗೆ ಹಾಕುತ್ತಿಲ್ಲ. ಕೈತಪ್ಪು ಎಲ್ಲ ಪ್ರಯೋಗಾಲಯದಲ್ಲೂ ಆಗುವಂಥದ್ದೇ.

ಸೆಪ್ಟೆಂಬರ್ 30, ಸೋಮವಾರ

ಮುಗಿಯಿತು. ಉಳಿದ ಇಪ್ಪತ್ತನ್ನೂ ಮದ್ದು ಕೊಟ್ಟು ಮಲಗಿಸಿ, ರಕ್ತ ತೆಗೆದು ಕೊಯ್ದೆವು. ನಾಲ್ಕನೇ ಗುಂಪಿನಲ್ಲಿ ಬದುಕಿದ ಎರಡರ ಯಕೃತ್ತೂ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಎರಡೇ ಇಲಿಯಿಂದ ಏನೂ ಸಾಧಿಸಲಾಗುವುದಿಲ್ಲ ಎಂದು ಸರ್ ಹೇಳಿದರು. ಸರಿಯೇ, ಯಾವ ಪುಸ್ತಕ ತೆರೆದರೂ ಹಾಗೆಯೇ ಇದೆ.

ಜ್ಯೋತಿಬಾ ಇವತ್ತು ಬರಲಿಲ್ಲ. ಜ್ವರವಂತೆ. ಬೇಕಾದಾಗಲೇ ಇವರಿಗೆ ಜ್ವರ.

ನವೆಂಬರ್ 14, ಗುರುವಾರ

ಒಬ್ಬನ ಕೈಯಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಇಲಿ ಹೇಗೆ ಸತ್ತವು ಎಂದು ಸಮಿತಿ ವಿವರಣೆ ಕೇಳಿದೆ. ಕೇಳಲೇಬೇಕು, ಅವರ ಕೆಲಸ. ಜ್ಯೋತಿಬಾ ಪರವಾಗಿ ನಾನೇ ಪತ್ರ ಟೈಪ್ ಮಾಡಿದೆ. ವಯಸ್ಸು, ಕಣ್ಣಿನ ದೋಷ, ಉದ್ದೇಶಪೂರ್ವಕವಲ್ಲ, ಕ್ಷಮಿಸಬೇಕು, ಎಲ್ಲ ಮೃದುವಾಗಿಯೇ ಹಾಕಿದ್ದೆ. ಸರ್ ಕೋಣೆಯಲ್ಲಿ ಅವನನ್ನು ಕೂರಿಸಿ ಓದಿ ಹೇಳಿದೆ.

ನಾಲ್ಕು ಎಂದಾಗ ತಲೆ ಎತ್ತಿದ.

"ಮೂರು ನೀವು ಕಣ್ಣಾರೆ ನೋಡೀರಿ ಅಂದ ಮ್ಯಾಲ ನಾ ಒಪ್ಕೊಂಡಂಗ್ರಿ. ಮೊದಲನೇದು..." ಎಂದು ನನ್ನ ಕಡೆ ನೋಡಿದ.

ಸರ್ ಕೂಡ ನನ್ನ ಕಡೆ ನೋಡಿದರು.

"ಸಹಿ ನಿಮ್ದ ಐತೆಲ್ಲ ಕಾಕಾ" ಎಂದೆ. ಸುಳ್ಳೇನೂ ಅಲ್ಲ, ಇತ್ತು.

"ಹೌದ್ರಿ, ಐತಿ. ಮಾಡಬಾರದಿತ್ತು" ಎಂದ. ಪೆನ್ನು ಕೇಳಿದ. ನಿಧಾನವಾಗಿ, ತಪ್ಪಿಲ್ಲದೆ, ಪೂರ್ತಿ ಹೆಸರು ಬರೆದ.

ಅವನು ಹೋದ ಮೇಲೆ ಸರ್ ನನಗೆ ನೀರು ಕೊಟ್ಟರು. ಅವರು ಇಷ್ಟು ವರ್ಷದಲ್ಲಿ ನನಗೆ ನೀರು ಕೊಟ್ಟದ್ದು ಇದೇ ಮೊದಲು.

ಡಿಸೆಂಬರ್ 6, ಶುಕ್ರವಾರ

ಐದನೇ ಅಧ್ಯಾಯ ಮುಗಿಸಿದೆ. ತಲೆ ಸಿಡಿಯುತ್ತಿದೆ. ಕೈತಪ್ಪಿನ ಭಾಗ ಎರಡೇ ಸಾಲಿನಲ್ಲಿ ಮುಗಿಸಿದ್ದೇನೆ. ಸೆಪ್ಟೆಂಬರ್ 8ರಂದು ಅಟೆಂಡರನ ಕೈಯಲ್ಲಿ ಸತ್ತ ಇಲಿಯಿಂದಲೇ ಎಚ್ಚರ ವಹಿಸಬೇಕಿತ್ತು. ಆಗಲೇ ಅವನನ್ನು ಬದಲಿಸಿದ್ದರೆ ನನಗೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ. ಒಬ್ಬರ ಅಜಾಗರೂಕತೆಯಿಂದ ಇನ್ನೊಬ್ಬರು ಎಷ್ಟು ಅನುಭವಿಸಬೇಕು!

ಕಂಪನಿಯವರು ಮಾದರಿ ಬಾಟಲಿಗಳನ್ನು ಕಳಿಸಿದ್ದಾರೆ. ಚೀಟಿಯ ಮೇಲೆ 'ದಿನಕ್ಕೆ ಎರಡು ಬಾರಿ, ಮೂರು ತಿಂಗಳು' ಎಂದಿದೆ, ಕೆಳಗೆ 'ಪ್ರಯೋಗಾಲಯದಲ್ಲಿ ಸುರಕ್ಷತೆ ಪರೀಕ್ಷಿಸಲಾಗಿದೆ.' ಅಚ್ಚು ಚೆನ್ನಾಗಿ ಬಂದಿದೆ. ಅವ್ವ ಒಂದು ತೆಗೆದುಕೊಳ್ಳಲಾ ಎಂದು ಕೇಳಿದಳು. ಬೇಡವೆಂದು ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸುಮ್ಮನೆ ಯಾಕೆ.

"ನಿಮ್ಮ ಕಾಲೇಜಿನ ಆ ಜ್ಯೋತಿಬಾ ಹೆಂಗದಾನು? ಗಣಪತಿಗೆ ಮೋದಕ ಕಳಿಸಿದ್ನಲ್ಲ" ಎಂದಳು ಅವ್ವ. ಎಲ್ಲರಿಗೂ ಅವನದೇ ಚಿಂತೆ. ನನ್ನ ಬೆನ್ನು ಹೇಗಿದೆ ಎಂದು ಯಾರಾದರೂ ಕೇಳಿದರಾ?

ಜನವರಿ 2, 2025, ಗುರುವಾರ

ಅಟೆಂಡರನ ಕರಾರು ಈ ವರ್ಷ ಮುಂದುವರಿಸಿಲ್ಲ. ಬೀಗದ ಕೈ ಕೊಡಲು ಬಂದಿದ್ದ. ಬಂದವನು ಸುಮ್ಮನೆ ಕೊಟ್ಟು ಹೋಗದೆ ಬೇರೆ ಪ್ರಯೋಗದ ಇಲಿಗಳ ಎಲ್ಲ ಪಂಜರ ತೊಳೆದು, ನೀರಿನ ಬಾಟಲಿ ತುಂಬಿ, ಒಂದೊಂದರ ಮುಂದೆಯೂ ನಿಂತು ಏನೋ ಹೇಳಿ ಹೋದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಇಳಿದು ಹೋಗಿ ಮಾತಾಡಿಸಬೇಕೆಂದಿದ್ದೆ, ಪರಾಮರ್ಶನ ಗ್ರಂಥಗಳ ಪಟ್ಟಿ ಅರ್ಧಕ್ಕೆ ನಿಂತಿತ್ತು.

ಮಾರ್ಚ್ 10, ಸೋಮವಾರ

ಪ್ರಬಂಧ ಸಲ್ಲಿಸಿದೆ!

ಮಾರ್ಚ್ 16, ರವಿವಾರ

ಧಾರವಾಡ ಪೇಢೆ ತಗೊಂಡು ಹಳಿಯಾಳದಲ್ಲಿ ಜ್ಯೋತಿಬಾನ ಮನೆಗೆ ಹೋಗಿದ್ದೆ. ಸರ್ ಬೇಡವೆಂದಿದ್ದರು. ಆದರೆ ನಾನು ಹಳಬರ ಸಂಬಂಧ ಹಾಗೆ ಕಡಿದುಕೊಳ್ಳುವವಳಲ್ಲ. ಪ್ರಬಂಧದ ಕೃತಜ್ಞತೆಯಲ್ಲೂ ಅವನ ಹೆಸರು ಹಾಕಿದ್ದೇನೆ, ಕೊನೆಯ ಸಾಲಿನಲ್ಲಿ. ಹುದ್ದೆಗೂ ನನ್ನ ಹೆಸರೇ ಹೋಗಿದೆಯಂತೆ.

ಅವನ ಹೆಂಡತಿ ಗೋದುಬಾಯಿ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಮಗಳು ಬಾಣಂತಿ, ಒಂದೂವರೆ ತಿಂಗಳ ಹೆಣ್ಣುಮಗು. ಪೇಢೆ ಕೊಟ್ಟೆ, ಕುಳಿತೆ. ಜ್ಯೋತಿಬಾ ಚಹಾ ತರುತ್ತೇನೆಂದು ಒಳಗೆ ಹೋದ ಕೂಡಲೇ ಅವಳು ದನಿ ಇಳಿಸಿದಳು.

"ಬಾಯಾರ, ಮೊಮ್ಮಗಳನ್ನ ಇನ್ನೂ ಒಂದ್ ಸಲ ಎತ್ತಿಕೊಂಡಿಲ್ರಿ ಅವರು. ನಾನು ನೀಡಿದ್ರ ಹಿಂದ ಸರೀತಾರ. ಕೈ ಖಾತ್ರಿ ಇಲ್ಲ, ನನ್ನ ಕೈಯಾಗ ಜೀವ ನಿಲ್ಲಂಗಿಲ್ಲ ಅಂತಾರ. ಬಾಣಂತಿ ಮಗಳು ಒಂದs ಸವನ ಅಳತಾಳ್ರಿ. ನನ್ನ ಮಾತು ಕೇಳಂಗಿಲ್ಲ, ಡಾಕ್ಟರ್ ಮಾತೂ ಕೇಳಲಿಲ್ಲ. ನೀವು ಹೇಳಿದ್ರ ಕೇಳ್ತಾರ. ಕೈ ಛಲೋ ಐತಿ ಅಂತ ಒಂದು ಮಾತು ಹೇಳಿ ಹೋಗ್ರಿ, ನಿಮಗ ಪುಣ್ಯ ಬರ್ತೈತಿ."

ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಇದ್ದೆ.

ಅವನು ಚಹಾ ತಂದ. ಕಪ್ಪಿನ ಅಂಚಿನವರೆಗೆ ತುಂಬಿಸಿದ್ದ, ಅವರ ಮನೆಯ ಪದ್ಧತಿ ಇರಬೇಕು. ಅಡಿಗೆ ಮನೆಯ ಎತ್ತರದ ಹೊಸ್ತಿಲು ದಾಟಿ ತಂದು ನನ್ನ ಮುಂದೆ ಇಟ್ಟ. ಬಸಿಯಲ್ಲಿ ಒಂದು ಹನಿಯೂ ಚೆಲ್ಲಿರಲಿಲ್ಲ. ಬಹಳ ಸಿಹಿಯಾಗಿತ್ತು, ನಾನು ಅರ್ಧ ಬಿಟ್ಟೆ.

ಅವನೇ ಮಾತು ತೆಗೆದ. "ಉಂದ್ರಿ ದಿನದ್ದು ಬಡೀತ್ರಿ ನನಗ. ಮುಟ್ಟಲಿಲ್ಲ ಅಂದ್ರೂ ಮುಟ್ಟೇನಿ ಅಂತ ಬರದು ಕೊಟ್ಟೆ. ಆಮ್ಯಾಲ ಮೂರು ಹೋದುವು, ಗುರ್ತs ಸಿಗಲಿಲ್ಲ ಕೈಗೆ." ಆಮೇಲೆ ಎರಡೂ ಕೈ ನನ್ನ ಮುಂದೆ ಚಾಚಿದ, ಬೆರಳು ಬಿಡಿಸಿ. "ನೀವು ಕಲತವ್ರು. ಸರಿಯಾಗಿ ನೋಡಿ ಹೇಳ್ರಿ. ನಡಗಾಕತ್ತಾವೇನು?"

ಗೋದುಬಾಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ನೋಡಿದೆ. ಇಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಕೈ ನೆಟ್ಟಗಿದ್ದರೆ ಇಲಿಗಳು ಹೇಗೆ ಸತ್ತವು? ಅವನಲ್ಲದಿದ್ದರೆ ಅವನ ಹೆಂಡತಿ ಕೇಳುತ್ತಾಳೆ, ಇವತ್ತಲ್ಲದಿದ್ದರೆ ನಾಳೆ. ಪ್ರಬಂಧ ಇನ್ನೂ ಪರೀಕ್ಷಕರ ಕೈಯಲ್ಲಿದೆ. ಆಮೇಲೆ ಸರಿಯಾಗಿ ದಿಟ್ಟಿಸಿದಾಗ, ಬಲಗೈಯ ಕಿರುಬೆರಳಿನ ತುದಿ ಸ್ವಲ್ಪ ಅದುರಿದ ಹಾಗೆ ನನಗೆ ಅನಿಸಿತು. ಅನಿಸಿದ್ದನ್ನೇ ಹೇಳಿದೆ.

"ಸ್ವಲ್ಪ ಐತಿ ಕಾಕಾ. ವಯಸ್ಸಾತಲ್ಲ."

ತಲೆಯಾಡಿಸಿದ. ಅವನಿಗೂ ಒಂದು ಖಚಿತವಾದಂತಾಯಿತು. ಹುಬ್ಬಳ್ಳಿಯಲ್ಲಿ ನರರೋಗದ ಡಾಕ್ಟರೊಬ್ಬರ ಹೆಸರು ಗೊತ್ತಿತ್ತು, ಪೇಢೆ ಪೊಟ್ಟಣದ ಹಿಂದೆ ಬರೆದುಕೊಟ್ಟೆ. ಗೋದುಬಾಯಿ ಎದ್ದು ಒಳಗೆ ಹೋದಳು, ಹೋಗುವಾಗ ನನ್ನನ್ನು ಮಾತಾಡಿಸಲಿಲ್ಲ. ಓದು ಇಲ್ಲದವರಿಗೆ ಸತ್ಯ ಹೇಳಿದರೆ ಹಾಗೆಯೇ. ನನಗೆ ಮಾತ್ರ, ಯಾಕೆ ಸುಳ್ಳು ಬರೆಯಲಿ, ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರಾಯಿತು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗೆ ಮಗು ಅತ್ತಿತು. ಬಾಣಂತಿ ಬಚ್ಚಲಲ್ಲಿದ್ದಳು, ಗೋದುಬಾಯಿ ಹಿತ್ತಲಲ್ಲಿ. ಜ್ಯೋತಿಬಾ ಎದ್ದು ಹೋಗಿ ತೊಟ್ಟಿಲ ಹತ್ತಿರ ನಿಂತ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, "ಆಲೀ ಬಾಳಾ, ಆಲೀ, ಬಂದ್ಲು ಅಜ್ಜಿ, ತಡೀ" ಎನ್ನುತ್ತಿದ್ದ. ಮಗು ಅಳುತ್ತಲೇ ಇತ್ತು. ಐದೂಕಾಲರ ದಾಂಡೇಲಿ ಬಸ್ಸಿಗೆ ಹೊತ್ತಾಗಿತ್ತು, ನಾನು ಹೊರಟೆ.